ಮುಕ್ತಾಯಕ್ಕನ ಶೋಕವೂ ಕಲ್ಯಾಣದ ಗಾಯವೂ

ಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸು ಹಿಗ್ಗುವುದು ಸಹಜವೇ ಆಗಿದೆ. ಚಾಲುಕ್ಯ ವಿಕ್ರಮಾದಿತ್ಯನ ವೈಭವ, ಬಿಲ್ಹಣ ವಿಜ್ಞಾನೇಶ್ವರರ ವಿದ್ವತ್ತು, ಬಸವಣ್ಣನವರ ಮಹಾಮನೆ, ಶರಣರ ಅನುಭಾವಗೋಷ್ಠಿ ಇವೆಲ್ಲವೂ ಆ ಒಂದು ಹೆಸರಿನಲ್ಲಿ ಅಡಕವಾಗಿವೆ. ಆದರೆ ಅದೇ ಹೆಸರಿನೊಳಗೆ ಇನ್ನೊಂದು ನೆನಪೂ ಹುದುಗಿರುವುದು. ಕಲ್ಯಾಣವು ಗಾಯಗೊಂಡ ಊರು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲೊಮ್ಮೆ, 1948ರಲ್ಲಿ ಮತ್ತೊಮ್ಮೆ, ಈ ನೆಲದಲ್ಲಿ ನೆರೆಯವರು ನೆರೆಯವರಿಗೆ ಅಂಜಿ ಮನೆಮಾರು ತೊರೆದು ಓಡಿದರು. ವೈಭವವನ್ನು ಹೊಗಳುವ ಗ್ರಂಥಗಳು ಬೇಕಾದಷ್ಟಿವೆ. ಗಾಯ ಹೇಗೆ ಮಾಯಬೇಕೆಂದು ವಿಚಾರಿಸುವ ಗ್ರಂಥಗಳು ಅತಿ ವಿರಳ.

ಇತ್ತೀಚಿನ ವರ್ಷಗಳಲ್ಲಿ ವೈದ್ಯಪ್ರಪಂಚದಿಂದ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಯುದ್ಧದಿಂದಲೂ ಹತ್ಯಾಕಾಂಡದಿಂದಲೂ ನೊಂದ ಮನಸ್ಸಿಗೆ ಧ್ಯಾನವನ್ನೂ ಮನೋಚಿಕಿತ್ಸೆಯನ್ನೂ ಕೂಡಿಸಿ ಕೊಟ್ಟರೆ ಹಿತವಾದೀತೆಂಬುದೇ ಆ ಮಾತು. ಇದನ್ನು ಕೇಳಿದೊಡನೆ ಅಭಿಮಾನಿಗಳು, ‘ಇದರಲ್ಲಿ ಹೊಸದೇನಿದೆ? ಶರಣರು ಎಂಟುನೂರು ವರ್ಷಗಳ ಹಿಂದೆಯೇ ಇದನ್ನು ಹೇಳಿಲ್ಲವೆ?’ ಎನ್ನುವರು. ಅಭಿಮಾನವೇನೂ ತಪ್ಪಲ್ಲ, ಆದರೆ ಅದು ಒರೆಗಲ್ಲಿನ ಮೇಲೆ ನಿಲ್ಲಬೇಕು. ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನೂ ಕಲ್ಯಾಣವನ್ನು ಕುರಿತ ಮೂರು ಆಧುನಿಕ ನಾಟಕಗಳನ್ನೂ ಎದುರಿಗಿಟ್ಟುಕೊಂಡು ಈ ಮಾತಿನ ಸತ್ಯಾಂಶವೆಷ್ಟೆಂಬುದನ್ನು ನೋಡಬಹುದು.

ಮೊದಲು ವೈದ್ಯರು ಕಂಡುಕೊಂಡದ್ದೇನೆಂಬುದನ್ನು ತಿಳಿಯುವುದು ಯುಕ್ತ. 1914ರ ಮಹಾಯುದ್ಧದಲ್ಲಿ ಮೈಮೇಲೆ ಒಂದು ಗೀರೂ ಇಲ್ಲದ ಸೈನಿಕರು ನಡುಗುತ್ತ, ಮೂಕರಾಗಿ, ನಿದ್ರೆಗೆಟ್ಟು ರಣರಂಗದಿಂದ ಮರಳಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ‘ಶೆಲ್ ಶಾಕ್’ ಎಂಬ ಹೆಸರಿನಿಂದ ಇದನ್ನು ವೈದ್ಯಪತ್ರಿಕೆಯೊಂದರಲ್ಲಿ ವರ್ಣಿಸಿದನು. ಇದು ಹೇಡಿತನವೆಂದು ಸೇನಾಧಿಕಾರಿಗಳಲ್ಲಿ ಅನೇಕರು ಬಗೆದರು. ಮರೆತುಬಿಡಿರೆಂದು ಹಿತೈಷಿಗಳು ಬೋಧಿಸಿದರು. ಎಡಿನ್‌ಬರೋ ನಗರದ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ರಿವರ್ಸ್ ಮಾತ್ರ ಬೇರೆ ದಾರಿ ಹಿಡಿದನು. ಬಲವಂತದ ಮರೆವೇ ರೋಗವನ್ನು ಪೋಷಿಸುವುದೆಂದೂ, ನಡೆದುದನ್ನು ವಿಶ್ವಾಸಪಾತ್ರನಾದ ಒಬ್ಬನೆದುರಿಗೆ ಮೆಲ್ಲಮೆಲ್ಲನೆ ಹೇಳಿಕೊಳ್ಳುವುದರಿಂದಲೇ ಅದರ ವಿಷವಿಳಿಯುವುದೆಂದೂ ಅವನ ಮತ. ಈ ರಿವರ್ಸನು ಕನ್ನಡ ನಾಡಿಗೆ ತೀರ ಅಪರಿಚಿತನಲ್ಲ. 1901 ಮತ್ತು 1902ರಲ್ಲಿ ನೆರೆಯ ನೀಲಗಿರಿಯ ತೋಡರ ನಡುವೆ ಇದ್ದು, ಅವರ ನಡೆನುಡಿಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಬರೆದವನು ಅವನೇ. ಆದರೆ ಅವನ ಚಿಕಿತ್ಸೆಗೂ ಒಂದು ಕಹಿಯಾದ ಕೊನೆಯಿತ್ತು: ಗುಣಹೊಂದಿದ ಸೈನಿಕನು ಪುನಃ ರಣರಂಗಕ್ಕೇ ಹೋಗಬೇಕಾಗಿತ್ತು. ಅವನ ಬಳಿ ಚಿಕಿತ್ಸೆ ಪಡೆದ ಕವಿ ಸೀಗ್‌ಫ್ರೀಡ್ ಸಸೂನನೂ ಹಾಗೆಯೇ ಮರಳಿದನು.

ಅಮೆರಿಕದವರು ವಿಯೆಟ್ನಾಮಿನಲ್ಲಿ ನಡೆಯಿಸಿದ ಯುದ್ಧದ ತರುವಾಯ, 1980ರಲ್ಲಿ, ಅಲ್ಲಿನ ಮನೋವೈದ್ಯರ ಸಂಘವು ಈ ಬೇನೆಯನ್ನು ಆಘಾತೋತ್ತರ ಒತ್ತಡದ ವಿಕಾರವೆಂಬ ಅರ್ಥದ ಹೆಸರಿನಿಂದ ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ಇದರ ಮುಖ್ಯ ಲಕ್ಷಣವನ್ನು ಸರಳವಾಗಿ ಹೇಳುವುದಾದರೆ, ಕಳೆದುಹೋದದ್ದು ಕಳೆದುಹೋಗುವುದಿಲ್ಲ. ಬಾಗಿಲು ಬಡಿದ ಸಪ್ಪಳಕ್ಕೆ ಗುಂಡಿನ ಸಪ್ಪಳ ಕೇಳುವುದು. ಸುಟ್ಟ ವಾಸನೆಗೆ ಇಡಿಯ ಊರೇ ಕಣ್ಣೆದುರಿಗೆ ಉರಿಯುವುದು. ನೆನಪಾಗಬೇಕಾದದ್ದು ನೆನಪಾಗಿ ಉಳಿಯದೆ, ಈಗಲೇ ನಡೆಯುತ್ತಿರುವ ಘಟನೆಯಾಗಿ ಎರಗುವುದು. ಜುಡಿತ್ ಹರ್ಮನ್ ಎಂಬ ವೈದ್ಯೆ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೇತರಿಕೆಗೆ ಮೂರು ಹಂತಗಳನ್ನು ಹೇಳಿದಳು. ಮೊದಲನೆಯದು ಅಭಯ, ಎರಡನೆಯದು ನೆನೆದು ಶೋಕಿಸುವುದು, ಮೂರನೆಯದು ದಿನಬಳಕೆಯ ಬಾಳಿನೊಡನೆ ಮತ್ತೆ ಕೂಡಿಕೊಳ್ಳುವುದು. ಎಲ್ಲ ರೋಗಿಗಳಿಗೂ ಈ ಕ್ರಮ ಅವಶ್ಯವೇ ಎಂಬ ವಿಷಯದಲ್ಲಿ ವೈದ್ಯರೊಳಗೆ ಭಿನ್ನಾಭಿಪ್ರಾಯವುಂಟು. ಆದರೂ ಅಭಯವಿಲ್ಲದವನನ್ನು ಕೆದಕಿ ಮಾತಾಡಿಸಬಾರದೆಂಬ ವಿವೇಕವು ಅದರಲ್ಲಿ ಸ್ಪಷ್ಟವಾಗಿದೆ.

ಧ್ಯಾನವು ಈ ಚಿತ್ರದೊಳಗೆ ಬರುವುದು ಇಲ್ಲಿಯೇ. 2015ರಲ್ಲಿ ಅಮೆರಿಕದ 116 ಮಂದಿ ನಿವೃತ್ತ ಯೋಧರನ್ನು ಎರಡು ಗುಂಪು ಮಾಡಿ ನಡೆಯಿಸಿದ ಪರೀಕ್ಷೆಯೊಂದರ ಫಲ ಪ್ರಕಟವಾಯಿತು. ಒಂದು ಗುಂಪಿಗೆ ಉಸಿರು, ದೇಹ, ಕ್ಷಣಗಳ ಮೇಲೆ ಎಚ್ಚರವಿಡುವ ಧ್ಯಾನ. ಇನ್ನೊಂದಕ್ಕೆ ಇಂದಿನ ಕಷ್ಟಗಳನ್ನು ಕುರಿತ ಗುಂಪುಚಿಕಿತ್ಸೆ. ಧ್ಯಾನ ಮಾಡಿದವರಲ್ಲಿ ಬೇನೆಯ ತೀವ್ರತೆ ಹೆಚ್ಚಾಗಿ ಇಳಿಯಿತು. ಆದರೆ ರೋಗವೇ ಬಿಟ್ಟುಹೋದವರ ಸಂಖ್ಯೆಯಲ್ಲಿ ಗಣನೀಯವಾದ ಭೇದ ತೋರಲಿಲ್ಲ. 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 203 ಮಂದಿ ಯೋಧರಿದ್ದರು. ಅಲ್ಲಿ ಮಂತ್ರಧ್ಯಾನವು, ನಡೆದುದನ್ನು ಮರುಮರಳಿ ಹೇಳಿಸುವ ಪ್ರಸಿದ್ಧ ಚಿಕಿತ್ಸೆಗಿಂತ ಕಡಿಮೆಯಾಗಲಿಲ್ಲ. ಆದರೆ ಒಂದು ಎಚ್ಚರಿಕೆಯೂ ಇದರೊಡನೆ ಬಂದಿದೆ. ಭಯಂಕರವಾದುದನ್ನು ಕಂಡವನನ್ನು ಕಣ್ಣುಮುಚ್ಚಿ ಒಳಕ್ಕಿಳಿಯೆಂದು ಒಂಟಿಯಾಗಿ ಕೂರಿಸಿದರೆ, ಅವನಿಗೆ ಒಳಗೆ ಕಾಣುವುದು ಶಾಂತಿಯಾಗದೆ ಆ ಭಯಂಕರ ದೃಶ್ಯವೇ ಆಗಬಹುದು. ಮಾತಿಲ್ಲದ ಧ್ಯಾನವು ಕೆಲವರಿಗೆ ಅಡಗುತಾಣ. ಶಾಂತಿಯಿಲ್ಲದ ಮಾತು ಕೆಲವರಿಗೆ ಗಾಯ ಕೆರೆಯುವ ಉಗುರು. ಎರಡನ್ನೂ ಕೂಡಿಸಬೇಕೆಂಬ ಆಲೋಚನೆಗೆ ಇದೇ ಕಾರಣ.

ಇಷ್ಟನ್ನು ತಿಳಿದುಕೊಂಡು ಶೂನ್ಯಸಂಪಾದನೆಗೆ ಬಂದರೆ, ಮುಕ್ತಾಯಕ್ಕನ ಪ್ರಸಂಗವು ಹೊಸ ಬೆಳಕಿನಲ್ಲಿ ಕಾಣುವುದು. ಈ ಗ್ರಂಥವು ಕಲ್ಯಾಣದ ವಿಪ್ಲವ ನಡೆದು ಇನ್ನೂರೈವತ್ತು ವರ್ಷಗಳಿಗೂ ಮೇಲೆ, ವಿಜಯನಗರದ ಕಾಲದಲ್ಲಿ, ಚದುರಿದ ವಚನಗಳನ್ನು ಸಂವಾದರೂಪದಲ್ಲಿ ಹೆಣೆದು ಸಿದ್ಧವಾದುದು. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಹೆಣೆದುದನ್ನು ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ತಿದ್ದಿ ಬೆಳೆಸಿದರು. ಅದರ ಮೊದಲ ಭಾಗದಲ್ಲಿಯೇ ಮುಕ್ತಾಯಕ್ಕನು ಬರುವಳು. ಅಣ್ಣನೂ ಗುರುವೂ ಆದ ಅಜಗಣ್ಣನು ತೀರಿಕೊಂಡಿದ್ದಾನೆ. ಅವಳು ದುಃಖದಲ್ಲಿ ಮುಳುಗಿದ್ದಾಳೆ. ಆಗ ಅಲ್ಲಮಪ್ರಭುವು ಅಲ್ಲಿಗೆ ಬರುವನು.

ಬಂದವನು ಮೊದಲು ಮಾಡುವುದೇನು? ಉಪದೇಶವನ್ನಲ್ಲ. ನೀನಾರು, ಯಾರಿಗಾಗಿ ಈ ಶೋಕ ಎಂದು ಕೇಳುವನು. ಸಂಕಲನಕಾರನ ಕೌಶಲ್ಯವು ಈ ಪ್ರಶ್ನೆಯಲ್ಲಿದೆ. ಶೋಕದಲ್ಲಿರುವವಳು ತನ್ನ ಶೋಕಕ್ಕೆ ಹೆಸರಿಡುವಂತೆ ಅದು ಮಾಡುತ್ತದೆ. ಅನಂತರ ಅಲ್ಲಮನು, ಅರಿವನ್ನು ಪಡೆದವನಿಗೆ ಸಾವೆಲ್ಲಿಯದು, ಅಂಥವನಿಗಾಗಿ ಅಳುವುದೇಕೆ ಎಂಬ ದಾರಿ ಹಿಡಿಯುವನು. ಇಲ್ಲಿ ಬೇರೆ ಯಾವ ಗ್ರಂಥದಲ್ಲಾದರೂ ಶಿಷ್ಯೆಯು ಕಣ್ಣೊರೆಸಿಕೊಂಡು ಪಾದಕ್ಕೆರಗುತ್ತಿದ್ದಳು. ಮುಕ್ತಾಯಕ್ಕನು ಹಾಗೆ ಮಾಡುವುದಿಲ್ಲ; ವಾದಕ್ಕೆ ನಿಲ್ಲುತ್ತಾಳೆ. ಅರಿತವನಿಗೆ ಇಷ್ಟೊಂದು ಮಾತೇಕೆ, ಮಾತಾಡುವ ತನಕ ಅರಿವು ಪೂರ್ಣವಾದೀತೆ ಎಂದು ತನ್ನನ್ನು ಸಂತೈಸಲು ಬಂದವನನ್ನೇ ಪ್ರಶ್ನಿಸುತ್ತಾಳೆ. ಅವಳ ಅಣ್ಣನು ತನ್ನ ಭಕ್ತಿಯನ್ನು ಮರೆಯಲ್ಲಿಟ್ಟುಕೊಂಡು ಬಾಳಿದವನು. ಮೌನವೇ ಅವಳಿಗೆ ಪ್ರಮಾಣ. ಅಲ್ಲಮನಾದರೋ ಮಾತಿನಲ್ಲಿದ್ದೂ ಮಾತಿಗೆ ಸಿಲುಕದ ಸ್ಥಿತಿಯೊಂದುಂಟೆಂದು ತೋರಿಸಬೇಕಾಗಿದೆ. ಹೀಗೆ ಮಾತು ದೊಡ್ಡದೋ ಮೌನ ದೊಡ್ಡದೋ ಎಂಬ ವಾದದ ರೂಪದಲ್ಲಿ ಶೋಕವು ಕರಗುತ್ತ ಹೋಗುವುದು. ಮೌನದೊಳಗೆ ಮುಚ್ಚಿಕೊಂಡವಳು ಮೌನವನ್ನು ಸಮರ್ಥಿಸುವುದಕ್ಕಾಗಿಯೇ ಬಾಯಿಬಿಡುತ್ತಾಳೆ. ಅವಳ ಚೇತರಿಕೆಯು ಆ ಬಾಯಿಬಿಟ್ಟ ಕ್ಷಣದಿಂದಲೇ ಮೊದಲಾಗುವುದು. ಕನ್ನಡ ಸಾಹಿತ್ಯದಲ್ಲಿ ಇಷ್ಟು ಸೂಕ್ಷ್ಮವಾದ ಸನ್ನಿವೇಶವು ಹೆಚ್ಚಿಲ್ಲ. ನೊಂದವಳಿಗೆ ಸಂತೈಸುವವನನ್ನು ಎದುರಿಸುವ ಹಕ್ಕನ್ನು ಕೊಟ್ಟಿರುವುದೇ ಅದರ ದೊಡ್ಡ ಗುಣ.

ಶರಣರ ಸಾಧನೆಯಲ್ಲಿ ಮೌನಕ್ಕೂ ಅದರದೇ ಆದ ಸ್ಥಾನವುಂಟು. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ಅದರ ಕಪ್ಪು ಕಂಥೆಯ ಮೇಲೆ ದೃಷ್ಟಿಯನ್ನು ನಿಲ್ಲಿಸಿ, ಉಸಿರು ಮನಸ್ಸುಗಳನ್ನು ಅಲ್ಲಿ ನೆಲೆಗೊಳಿಸುವುದು ಅವರ ಪೂಜೆಯ ಕ್ರಮ. ಇಂದಿನ ವೈದ್ಯರಲ್ಲಿ ಕೆಲವರು ಆಘಾತಕ್ಕೊಳಗಾದವರಿಗೆ ಕಣ್ಣನ್ನು ಪೂರ್ತಿ ಮುಚ್ಚಬೇಡಿರಿ, ಹೊರಗಿನ ಒಂದು ವಸ್ತುವನ್ನೋ ಕೈಗೆ ತಾಕುವ ಒಂದು ಭಾರವನ್ನೋ ಆಸರೆಯಾಗಿಟ್ಟುಕೊಳ್ಳಿರಿ ಎಂದು ಹೇಳುತ್ತಾರೆ. ಇವೆರಡರ ನಡುವಣ ಹೋಲಿಕೆ ಗಮನಾರ್ಹವಾದುದು. ಅಂಗೈಯ ಮೇಲಿನ ಭಾರವೂ ತೆರೆದ ಕಣ್ಣೂ ಸಾಧಕನನ್ನು ಈ ಗಳಿಗೆಗೆ ಕಟ್ಟಿಹಾಕುತ್ತವೆ. ಮತ್ತು ಆ ಪೂಜೆಯು ಒಂಟಿತನದಲ್ಲಿ ಮುಗಿಯುತ್ತಿರಲಿಲ್ಲ. ಸಾಧಕನು ಎದ್ದು ತನ್ನ ಕಾಯಕಕ್ಕೂ ಗೋಷ್ಠಿಗೂ ಹೋಗುತ್ತಿದ್ದನು. ಅಭಯ, ಮಾತು, ದಿನಬಳಕೆಯ ಬಾಳು ಎಂಬ ಮೂರು ಹಂತಗಳು ಲಿಂಗ, ಗೋಷ್ಠಿ, ಕಾಯಕಗಳೊಡನೆ ಹೊಂದುವುದನ್ನು ಕಂಡು ಅಭಿಮಾನಿಗಳು ಸಂತೋಷಪಟ್ಟರೆ ಅದಕ್ಕೆ ಆಧಾರವಿಲ್ಲದೆ ಇಲ್ಲ.

ಆದರೆ ಆ ಸಂತೋಷವು ಇಲ್ಲಿಗೇ ನಿಲ್ಲಬೇಕು. ಮುಕ್ತಾಯಕ್ಕನದು ಶೋಕ, ಯುದ್ಧದ ಆಘಾತವಲ್ಲ. ಪ್ರಿಯನನ್ನು ಕಳೆದುಕೊಂಡವಳ ದುಃಖವೂ, ಪ್ರಿಯನನ್ನು ಕಣ್ಣೆದುರಿಗೆ ಕಡಿದುಹಾಕಿದುದನ್ನು ಕಂಡವಳ ನಡುಕವೂ ಒಂದೇ ಅಲ್ಲ. ಅಲ್ಲಮನು ಜಂಗಮನು, ವೈದ್ಯನಲ್ಲ. ಅವನ ಗುರಿ ಮುಕ್ತಾಯಕ್ಕನು ನಿದ್ರೆಮಾಡುವಂತಾಗಬೇಕೆಂಬುದಲ್ಲ, ಅವಳು ನಿಜವನ್ನರಿಯಬೇಕೆಂಬುದು. ಗ್ರಂಥದ ದೋಷವೂ ಇಲ್ಲಿಯೇ ಇದೆ. ಸಂಕಲನಕಾರರು ತತ್ತ್ವದ ಎತ್ತರಕ್ಕೆ ಏರುವ ಆತುರದಲ್ಲಿ ಅಜಗಣ್ಣನೆಂಬ ಮನುಷ್ಯನನ್ನು ಬೇಗನೆ ಮರೆಯುತ್ತಾರೆ. ಅವನು ಹೇಗಿದ್ದನು, ತಂಗಿಗೆ ಏನಾಗಿದ್ದನು ಎಂಬುದು ತತ್ತ್ವದ ಮಂಜಿನಲ್ಲಿ ಮಸುಕಾಗುವುದು. ಇದಕ್ಕಿಂತ ದೊಡ್ಡ ಮರೆವೂ ಒಂದುಂಟು. ಈ ಮಹಾಗ್ರಂಥವು ಕಲ್ಯಾಣದ ಗೋಷ್ಠಿಯನ್ನು ಪುನಃ ಕಟ್ಟಿನಿಲ್ಲಿಸಿತು. ಕಲ್ಯಾಣದ ರಕ್ತಪಾತಕ್ಕೆ ಮಾತ್ರ ಅದರಲ್ಲಿ ಮುಖ್ಯಸ್ಥಾನವಿಲ್ಲ.

ಆ ರಕ್ತಪಾತದ ಕಥೆಯು ಪರಂಪರೆಯಲ್ಲಿ ಸುಪ್ರಸಿದ್ಧ. ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದರೆಂದು, ಬಿಜ್ಜಳನ ಆಜ್ಞೆಯಂತೆ ಆ ಇಬ್ಬರು ಹಿರಿಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಯಿಸಿದರೆಂದು ಹೇಳುವರು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು, ಬಿಜ್ಜಳನ ಕೊಲೆಯಾಯಿತು, ಚೆನ್ನಬಸವಣ್ಣನವರೊಡನೆ ಶರಣರ ಒಂದು ತಂಡವು ಬೆನ್ನಟ್ಟಿದ ಸೈನ್ಯದೊಡನೆ ಕಾದಾಡುತ್ತ ಉಳವಿಯ ಕಾಡನ್ನು ಸೇರಿತು. ಇಂದಿಗೂ ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಎಂದು ಜನ ತೋರಿಸುವರು. ಉಳವಿಯವರೆಗೆ ನಡೆದ ಆ ತಾಯಂದಿರು ಮಕ್ಕಳು ರಾತ್ರಿ ಹೇಗೆ ನಿದ್ರೆಮಾಡಿದರು, ಯಾರು ಯಾರಿಗೆ ಏನು ಹೇಳಿಕೊಂಡರು ಎಂಬುದನ್ನು ಪುರಾಣಕಾರರು ಬರೆಯಲಿಲ್ಲ.

ಆಧುನಿಕ ನಾಟಕಕಾರರು ಈ ಕೊರತೆಯನ್ನು ತುಂಬಿದರೋ? ಪಿ. ಲಂಕೇಶರ ‘ಸಂಕ್ರಾಂತಿ’ (1971), ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಈ ಮೂರೂ ಕಲ್ಯಾಣವನ್ನು ಭಕ್ತಿಯ ಮಂಟಪದಿಂದ ಇಳಿಸಿ ಬೀದಿಗೆ ತಂದ ಕೃತಿಗಳು. ಸುಧಾರಣೆಯ ಮಾತು ದೇಹ ದೇಹಗಳ ನಡುವಣ ಪ್ರೇಮವನ್ನು ಮುಟ್ಟಿದಾಗ ಏನಾಗುವುದೆಂದು ಲಂಕೇಶರು ಕೇಳಿದರು. ದುಡಿಯುವ ಜನರ ಬದುಕಿನ ಕಡೆಯಿಂದ ಆ ಚಳವಳಿಯನ್ನು ಶಿವಪ್ರಕಾಶರು ನೋಡಿದರು. ದೇಶದಲ್ಲಿ ಮಂದಿರ ಮಂಡಲಗಳ ಕಲಹವೆದ್ದ ಕಾಲದಲ್ಲಿ ಕಾರ್ನಾಡರು ಬಿಜ್ಜಳ ಬಸವಣ್ಣರ ಸ್ನೇಹವನ್ನೂ ಅದರ ದುರಂತವನ್ನೂ ಚಿತ್ರಿಸಿದರು. ಮೂರರಲ್ಲಿಯೂ ಸತ್ಯದ ಧೈರ್ಯವುಂಟು. ಹತ್ಯೆ ಹೇಗೆ ಸಿದ್ಧವಾಗುವುದೆಂಬ ವಿವೇಚನೆಯುಂಟು. ಆದರೆ ಮೂರರ ಕಣ್ಣೂ ದುರಂತ ಸಂಭವಿಸುವವರೆಗೇ ನೆಟ್ಟಿರುವುದು. ಕತ್ತಿ ಬಿದ್ದ ಮೇಲೆ ತೆರೆಯೂ ಬೀಳುವುದು. ಪ್ರೇಕ್ಷಕನು ನಡುಗುತ್ತ ಮನೆಗೆ ಮರಳುವನು. ಆ ನಡುಕದೊಡನೆ ನಾಳೆ ಬಾಳುವುದು ಹೇಗೆಂಬುದನ್ನು ಅವನಿಗೆ ಯಾರೂ ಹೇಳುವುದಿಲ್ಲ. ದುರಂತನಾಟಕದ ಧರ್ಮವೇ ಅದು ಎಂದು ಉತ್ತರ ಹೇಳಬಹುದು. ಆದರೂ ಒಂದೇ ದುರಂತವನ್ನು ಮೂವರು ಸಮರ್ಥರು ಬರೆದು, ಅದರ ಮರುದಿನವನ್ನು ಯಾರೂ ಬರೆಯದಿರುವುದು ಕೇವಲ ನಾಟಕಧರ್ಮದ ಮಾತಾಗಿ ಉಳಿಯುವುದಿಲ್ಲ. ಪ್ರಾಚೀನರು ಮರುದಿನದ ಶಾಂತಿಯನ್ನು ಬರೆದು ರಕ್ತವನ್ನು ಬಿಟ್ಟರು. ಆಧುನಿಕರು ರಕ್ತವನ್ನು ಬರೆದು ಶಾಂತಿಯನ್ನು ಬಿಟ್ಟರು. ಒಬ್ಬರಲ್ಲಿ ಮಾತಿಲ್ಲದ ಧ್ಯಾನ, ಇನ್ನೊಬ್ಬರಲ್ಲಿ ಧ್ಯಾನವಿಲ್ಲದ ಮಾತು.

ಇದು ಕೇವಲ ಹನ್ನೆರಡನೆಯ ಶತಮಾನದ ವಿಚಾರವಾಗಿದ್ದರೆ ಪಂಡಿತರ ಚರ್ಚೆಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಈ ಸೀಮೆಯ ಮನೆಮನೆಗಳಲ್ಲಿ 1948ರ ನೆನಪು ಇನ್ನೂ ಆರಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಕಲ್ಯಾಣದ ಸಮೀಪದ ಗೋರಟಾ ಗ್ರಾಮದ ಮೇಲೆ ರಜಾಕಾರರು ಎರಗಿ ಮಾಡಿದ ಹತ್ಯೆಯಲ್ಲಿ ಇನ್ನೂರರಷ್ಟು ಜನ ಮಡಿದರೆಂದು ಹೇಳಲಾಗುತ್ತದೆ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಶರಣಾದನು. ಆದರೆ ಕೊಲೆ ಅಲ್ಲಿಗೆ ನಿಲ್ಲಲಿಲ್ಲ. ಆ ದಿನಗಳಲ್ಲಿಯೂ ಆಮೇಲೆಯೂ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರವನ್ನು ವಿಚಾರಿಸಲು ಪಂಡಿತ ಸುಂದರಲಾಲರ ನೇತೃತ್ವದ ಸಮಿತಿಯೊಂದು ಸಂಚರಿಸಿತು. ಅತಿ ಕಡಿಮೆ ಲೆಕ್ಕ ಹಿಡಿದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಅದು ಅಂದಾಜು ಮಾಡಿತು. ಅತ್ಯಂತ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಕಲಬುರಗಿಯೂ ಸೇರಿದ್ದವು. ನೆರೆಯ ಮುಸಲ್ಮಾನರನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಹಿಂದೂಗಳ ಉಲ್ಲೇಖವೂ ಆ ವರದಿಯಲ್ಲಿದೆ. ಆ ವರದಿಯು ಹಲವು ದಶಕಗಳ ಕಾಲ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ.

ಹೀಗೆ ಒಂದೇ ಸೀಮೆಯಲ್ಲಿ ಎರಡು ಮೌನಗಳು ಅಕ್ಕಪಕ್ಕದಲ್ಲಿ ಬೆಳೆದವು. ಪ್ರತಿವರ್ಷವೂ ಸೆಪ್ಟೆಂಬರ್ 17ರಂದು ಧ್ವಜವೇರುವುದು, ಉತ್ಸವ ನಡೆಯುವುದು, ಅದು ಆಗಬೇಕಾದುದೇ. ಆದರೆ ಉತ್ಸವವು ಶೋಕದ ಕೆಲಸವನ್ನು ಮಾಡಲಾರದು. ಗೋರಟಾದ ಅಜ್ಜಿಯ ಮಾತು ಒಂದು ಓಣಿಯಲ್ಲಿ ಉಳಿಯುವುದು. ಊರು ಬಿಟ್ಟು ಮರಳಿ ಬಂದ ಮುಸಲ್ಮಾನ ಮನೆತನದ ಅಜ್ಜಿಯ ಮಾತು ಇನ್ನೊಂದು ಓಣಿಯಲ್ಲಿ ಉಳಿಯುವುದು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಿರುವಾಗ, ಆ ನೆನಪನ್ನು ಮೊಮ್ಮಕ್ಕಳ ಕೈಯಲ್ಲಿ ಆಯುಧವಾಗಿ ಕೊಡುವವರಿಗೆ ಕೆಲಸ ಸುಲಭವಾಗುವುದು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಣಿಕಪ್ರಭುಗಳು ಸಕಲಮತಗಳಿಗೂ ಒಂದೇ ಗೌರವವೆಂದು ಸಾರಿದರು. ಅಲ್ಲಿಗೆ ಎರಡೂ ಸಮಾಜದವರು ನಡೆದುಬಂದರು. ಕೂಡಿ ಕೂರುವ ಜಾಗಕ್ಕೆ ಈ ಸೀಮೆಯಲ್ಲಿ ಬರವಿಲ್ಲ; ಕೂಡಿ ಕೂತು ಹೇಳಿಕೊಳ್ಳುವ ಮಾತಿಗೇ ಬರವಿರುವುದು.

ಇಂಥ ಮಾತಿಗೆ ಬೇಕಾದ ಸಾಧನಗಳು ಕನ್ನಡದಲ್ಲಿ ಇಲ್ಲವೆಂದೇನೂ ಅಲ್ಲ. ‘ಕೊರವಂಜಿ’ಯಿಂದ ಕನ್ನಡಿಗರನ್ನು ನಗಿಸಿದ ಡಾಕ್ಟರ್ ಎಂ. ಶಿವರಾಮರು ಮನಸ್ಸಿನ ಬೇನೆಗಳನ್ನು ಕುರಿತು ತಿಳಿಗನ್ನಡದಲ್ಲಿ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೋವೈದ್ಯವನ್ನು ಹಳ್ಳಿಗಳಿಗೆ ಒಯ್ಯುವ ಜಿಲ್ಲಾ ಯೋಜನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಮೊದಲು ನಡೆಯಿಸಿ ನೋಡಿದ್ದು ಬಳ್ಳಾರಿಯಲ್ಲಿ. ಅದೇ ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. ನಿದ್ರೆಗೆಟ್ಟು ನಡುಗುವವನಿಗೆ ವೈದ್ಯನೇ ಬೇಕು. ವಚನವನ್ನು ಓದಿಸಿ ಕೈತೊಳೆದುಕೊಳ್ಳುವುದು ವಚನಕ್ಕೂ ರೋಗಿಗೂ ಮಾಡುವ ಅಪಚಾರ. ಆದರೆ ವೈದ್ಯನು ಒಬ್ಬೊಬ್ಬರ ಗಾಯವನ್ನು ನೋಡಬಲ್ಲನು. ಊರಿಗೆ ಊರೇ ಹೊತ್ತ ಗಾಯಕ್ಕೆ ಬೇಕಾದ ಗೋಷ್ಠಿಯನ್ನು ಸಾಹಿತ್ಯವೇ ಕಟ್ಟಬೇಕಾಗುವುದು.

ಆ ಗೋಷ್ಠಿಯ ಕ್ರಮವನ್ನು ಮುಕ್ತಾಯಕ್ಕನ ಪ್ರಸಂಗದಿಂದ ಕಲಿಯಬಹುದು. ಮೊದಲು ಕೇಳಬೇಕು: ನೀನಾರು, ಯಾರಿಗಾಗಿ ಈ ಶೋಕ? ಉತ್ತರ ಬರುವವರೆಗೆ ಕಾಯಬೇಕು. ಬಂದ ಉತ್ತರವು ಕೇಳುವವನನ್ನೇ ಎದುರಿಸಿದರೆ ಅದನ್ನು ತಡೆದುಕೊಳ್ಳಬೇಕು. ಶಾಂತವಾಗಿ ಕೂರುವುದನ್ನು ಅಭ್ಯಾಸ ಮಾಡಿದವನಿಗೆ ಮಾತ್ರ ಇಷ್ಟು ತಡೆದುಕೊಳ್ಳುವ ಶಕ್ತಿ ಬರುವುದು. ಧ್ಯಾನದ ಉಪಯೋಗವು ಹೇಳುವವನಿಗೆಷ್ಟೋ ಕೇಳುವವನಿಗೂ ಅಷ್ಟೇ ಉಂಟು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಅದರ ಕಂಬಗಳು ಎಷ್ಟು ಎತ್ತರವಾದರೂ ಆಗಲಿ, ಗೋರಟಾದ ಮನೆಯವರೂ ಊರು ಬಿಟ್ಟು ಮರಳಿದ ಮನೆಯವರೂ ಒಂದೇ ಚಾಪೆಯ ಮೇಲೆ ಕೂತು ತಮ್ಮ ತಮ್ಮ ಸತ್ತವರ ಹೆಸರನ್ನು ಹೇಳಿಕೊಂಡ ದಿನವೇ ಅದು ಹೆಸರಿಗೆ ತಕ್ಕ ಮಂಟಪವಾಗುವುದು. ಆ ದಿನದ ಮಾತನ್ನು ಬರೆದಿಡಬಲ್ಲ ಲೇಖಕನಿಗಾಗಿ ಕಲ್ಯಾಣವು ಇನ್ನೂ ಕಾದಿರುವುದು.